ಪೆಟ್ಟು ಕೊಡುವ ಮೊದಲು ಆ ಹುಡುಗನ ಆಟ ನೋಡಬೇಕಿತ್ತು

ನಮ್ಮ ಮದ್ರಸದ ಮೂರನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಎಂಟು ವರ್ಷ. ರಂಝಾನ್ ರಜೆಯವರೆಗೆ ಅವನ ಬಗ್ಗೆ ಹೇಳ್ಲಿಕ್ಕೆ ವಿಶೇಷ ಏನೂ ಇರಲಿಲ್ಲ. ಪಾಠ ಒಪ್ಪಿಸುತ್ತಿದ್ದ, ಬಿಟ್ಟ ಕೂಡಲೇ ಹೊರಗೆ ಓಡುತ್ತಿದ್ದ, ಅಷ್ಟೆ. ಪೆರ್ನಾಲ್ ಕಳೆದು ತರಗತಿ ಶುರುವಾದಾಗ ಬಂದದ್ದು ಬೇರೆಯೇ ಹುಡುಗ. ಬೆಳಗ್ಗೆ ಏಳು ಗಂಟೆಗೆ ಬೆಂಚಿನಲ್ಲಿ ಕೂತ ಹಾಗೆಯೇ ನಿದ್ದೆ. ಪಕ್ಕದವನು ಮುಟ್ಟಿ ಎಬ್ಬಿಸಿದರೆ ಅವನಿಗೇ ಹೊಡೆತ. ಒಮ್ಮೆ ಕಚ್ಚಿದ. ಇನ್ನೊಮ್ಮೆ ಒಂದನೇ ತರಗತಿಯ ಚಿಕ್ಕ ಹುಡುಗನ ಪುಸ್ತಕ ಹರಿದು ಬಾವಿಕಟ್ಟೆಯ ಹತ್ತಿರ ಬಿಸಾಡಿದ. ಪೋಷಕರ ದೂರು ಬರ್ಲಿಕ್ಕೆ ಶುರುವಾಯ್ತು.

ನಾವು ಏನು ಮಾಡಿದೆವು? ಮೊದಲು ಬೈದೆವು. ಆಮೇಲೆ ಹೊರಗೆ ನಿಲ್ಲಿಸಿದೆವು. ಎರಡು ಸಲ ಅಂಗೈಗೆ ಬೆತ್ತದಿಂದ ಪೆಟ್ಟು ಕೊಟ್ಟೆವು. ಅವನು ಅಳಲಿಲ್ಲ. ಅಳದೇ ಇದ್ದದ್ದು ನಮಗೆ ಇನ್ನಷ್ಟು ಸಿಟ್ಟು ತರಿಸಿತು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. "ಉಪ್ಪ ಗಲ್ಫಲ್ಲಿ ಅಲ್ವಾ, ದುಡ್ಡಿನ ಕೊಬ್ಬು" ಅಂತ ಜೊತೆಯ ಉಸ್ತಾದರೊಬ್ಬರು ಹೇಳಿದರು. ನಾವು ಅಲ್ಲ ಎನ್ನಲಿಲ್ಲ.

ಮನೆಯಲ್ಲೂ ಹೀಗೇ ನಡೆದಿತ್ತಂತೆ. ತಂಗಿಗೆ ಹೊಡೆಯುವುದು, ರಾತ್ರಿ ಹಾಸಿಗೆ ಒದ್ದೆ ಮಾಡುವುದು, ಹನ್ನೆರಡು ಗಂಟೆಯಾದರೂ ಕಣ್ಣು ಮುಚ್ಚದೆ ಬಾಗಿಲು ನೋಡ್ತಾ ಮಲಗುವುದು. ಅವನ ಉಮ್ಮ ಮಂತ್ರಿಸಿದ ನೀರು ತಂದರು, ನೂಲು ಕಟ್ಟಿಸಿದರು, ನಜರ್ ಬಿದ್ದಿದೆ ಎಂದವರ ಮಾತನ್ನೂ ಕೇಳಿದರು. ಕಡೆಗೆ ಶಾಲೆಯ ಟೀಚರೊಬ್ಬರು, ಇದು ಮನಸ್ಸಿನ ವಿಷಯ, ಮಕ್ಕಳ ಮನಶ್ಶಾಸ್ತ್ರಜ್ಞರಿಗೆ ತೋರಿಸಿ ಎಂದು ಒತ್ತಾಯ ಮಾಡಿದ್ದರಿಂದ ಮಂಗಳೂರಿಗೆ ಹೋದರು. ಎರಡು ಬಸ್ ಬದಲಿಸಿ, ಚಿಕ್ಕ ಮಗುವನ್ನು ಸೊಂಟದಲ್ಲಿಟ್ಟುಕೊಂಡು, ಪ್ರತಿ ವಾರ.

"ಅಲ್ಲಿ ಎಂತ ಮಾಡ್ತಾರೆ?" ಅಂತ ನಾವು ಕೇಳಿದೆವು.

"ಆಟ ಆಡಿಸ್ತಾರೆ ಉಸ್ತಾದ್."

ನಮಗೆ ನಗು ಬಂತು. ಬಸ್ ಚಾರ್ಜ್ ಕೊಟ್ಟು ಮಂಗಳೂರಿಗೆ ಹೋಗಿ ಆಟ ಆಡಿಸ್ಲಿಕ್ಕಾ? ಆಟ ಆಡಿ ಆಡಿಯೇ ಅಲ್ವಾ ಇವನು ಹೀಗೆ ಆದದ್ದು?

ಕೆಲವು ವಾರಗಳ ನಂತರ ಆ ತಾಯಿ ಮದ್ರಸದ ಗೇಟಿನ ಹತ್ತಿರ ನಿಂತು ಹೇಳಿದ ಸಂಗತಿಯೇ ಈ ಲೇಖನ ಬರೆಯಲು ಕಾರಣ. ಅವರ ಅನುಮತಿ ಕೇಳಿಯೇ ಬರೆಯುತ್ತಿದ್ದೇವೆ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇವೆ.

ಆಸ್ಪತ್ರೆಯ ಮೇಡಂ ಆ ತಾಯಿಗೂ ಒಂದು ಕೆಲಸ ಕೊಟ್ಟಿದ್ದರು. ವಾರಕ್ಕೆ ಒಂದು ದಿನ, ಅರ್ಧ ಗಂಟೆ, ಬಾಗಿಲು ಹಾಕಿ ಮಗನೊಟ್ಟಿಗೆ ಕೂರಬೇಕು. ಅದಕ್ಕೆಂದೇ ಬೇರೆ ಇಟ್ಟ ಒಂದು ಪೆಟ್ಟಿಗೆಯ ಆಟಿಕೆ ಮಾತ್ರ ತೆಗೆಯಬೇಕು. ಏನು ಆಡಬೇಕೆಂದು ಹೇಳುವುದು ಮಗ, ತಾಯಿ ಅಲ್ಲ. ಪಾಠ ಹೇಳಬಾರದು, ತಿದ್ದಬಾರದು, ಮೊಬೈಲ್ ಮುಟ್ಟಬಾರದು. ನಾಲ್ಕನೇ ವಾರವೋ ಐದನೇ ವಾರವೋ ಹುಡುಗ ಗೊಂಬೆಗಳನ್ನು ಸಾಲಾಗಿ ಮಲಗಿಸಿದ. ಚಿಕ್ಕ ಗೊಂಬೆಯ ಮುಖಕ್ಕೆ ಕರ್ಚೀಫ್ ಮುಚ್ಚಿದ. ಆಮೇಲೆ ದೊಡ್ಡ ಗೊಂಬೆಯನ್ನು ಸದ್ದು ಮಾಡದೆ ಎತ್ತಿ ಪ್ಲಾಸ್ಟಿಕ್ ವಿಮಾನದಲ್ಲಿ ಕೂರಿಸಿದ. ವಿಮಾನ ಹಾರಿತು. ಕೂಡಲೇ ಚಿಕ್ಕ ಗೊಂಬೆಯನ್ನು ಹಿಡಿದು ನೆಲಕ್ಕೆ ಬಡಿಯತೊಡಗಿದ, "ಏಳು, ಏಳು, ನಿದ್ದೆ ಮಾಡ್ಬೇಡ" ಅಂತ. ಮುಂದಿನ ವಾರವೂ ಅದೇ ಆಟ. ಅದರ ಮುಂದಿನ ವಾರವೂ.

ಉಮ್ಮನಿಗೆ ಆಗ ಹೊಳೆಯಿತು. ಪೆರ್ನಾಲ್ ಕಳೆದು ನಾಲ್ಕನೇ ದಿನ ಉಪ್ಪನ ರಜೆ ಮುಗಿದಿತ್ತು. ರಾತ್ರಿ ಎರಡೂವರೆಗೆ ಕಾರು ಬಂತು. ಹುಡುಗ ಅತ್ತು ರಂಪ ಮಾಡ್ತಾನೆ ಅಂತ ಹೆದರಿ ಎಬ್ಬಿಸದೆಯೇ ಕಳುಹಿಸಿಕೊಟ್ಟರು. ಬೆಳಗ್ಗೆ ಕೇಳಿದಾಗ "ಉಪ್ಪ ಅಂಗಡಿಗೆ ಹೋಗಿದ್ದಾರೆ" ಅಂದರು. ಸಂಜೆಯವರೆಗೆ ಅವನು ಜಗಲಿಯಲ್ಲಿ ಕೂತು ಕಾದ. ಅಂದಿನಿಂದ ಅವನಿಗೆ ರಾತ್ರಿ ಎಂದರೆ ಯಾರಾದರೂ ಹೋಗಿಬಿಡುವ ಹೊತ್ತು. ನಿದ್ದೆ ಮಾಡಿದ್ದೇ ತನ್ನ ತಪ್ಪು ಅಂತ ಲೆಕ್ಕ ಹಾಕಿಕೊಂಡಿದ್ದ. ರಾತ್ರಿಯೆಲ್ಲ ಕಾವಲು ಕಾದು ಬೆಳಗ್ಗೆ ನಮ್ಮ ತರಗತಿಗೆ ಬಂದು ನಿದ್ದೆ ಹೋಗುತ್ತಿದ್ದ. ನಾವು ಆ ನಿದ್ದೆಗೇ ಪೆಟ್ಟು ಕೊಟ್ಟೆವು.

"ಅವನು ಅಳಬಾರದು ಅಂತ ಮಾಡಿದ್ದು ಉಸ್ತಾದ್" ಎಂದರು ಆ ತಾಯಿ. ಇದನ್ನು ಓದುತ್ತಿರುವ ಎಷ್ಟು ಮನೆಗಳಲ್ಲಿ ಇದೇ ರೀತಿ ರಾತ್ರಿ ಎರಡೂವರೆಗೆ ಕಾರು ಬಂದಿಲ್ಲ?

ನಾವು ಪಿಯುಸಿ ಓದಿದವರು, ಉಳಿದದ್ದೆಲ್ಲ ಕಲಿತದ್ದು ದರ್ಸ್‌ನಲ್ಲಿ. ಮನಶ್ಶಾಸ್ತ್ರಜ್ಞರಲ್ಲ. ಆದರೆ ಆ ದಿನದ ನಂತರ ಓದಿದೆವು, ತಿಳಿದವರ ಹತ್ತಿರ ಕೂತು ಕೇಳಿದೆವು. ತಿಳಿದುಕೊಂಡದ್ದನ್ನು ನಮ್ಮವರ ಮುಂದೆ ಇಡಬೇಕೆನಿಸಿತು, ಯಾಕೆಂದರೆ ನಮ್ಮ ಮದ್ರಸವೊಂದರಲ್ಲೇ ಇಂಥ ಹುಡುಗರು ಇರುವುದಲ್ಲ.

ದೊಡ್ಡವರಿಗೆ ದುಃಖವಾದರೆ ಯಾರಲ್ಲಾದರೂ ಹೇಳಿಕೊಳ್ಳುತ್ತೇವೆ. ಆರು ವರ್ಷದ ಮಗುವಿನಲ್ಲಿ "ನಿನಗೆ ಏನಾಗಿದೆ ಹೇಳು" ಅಂದರೆ ಅದು ಹೇಳುವುದಾದರೂ ಏನನ್ನು? ಅದಕ್ಕೇ ಗೊತ್ತಿಲ್ಲ. ಗೊತ್ತಿದ್ದರೂ ಅದಕ್ಕೆ ಬೇಕಾದ ಮಾತು ಇಲ್ಲ. ಆದರೆ ಗೊಂಬೆ, ಮಣ್ಣು, ಬಣ್ಣ, ಪ್ಲಾಸ್ಟಿಕ್ ಹುಲಿ ಕೊಟ್ಟು ಸುಮ್ಮನೆ ಕೂತರೆ ಅದು ತಾನಾಗಿಯೇ ತನ್ನ ಕಥೆಯನ್ನು ಆಡಿ ತೋರಿಸುತ್ತದೆ. ಆಟದ ಚಿಕಿತ್ಸೆ, ಅಂದರೆ ಪ್ಲೇ ಥೆರಪಿ, ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಸಾಮಾನ್ಯವಾಗಿ ಮೂರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಮಾಡುತ್ತಾರೆ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ, ಅದೇ ಕೋಣೆ, ಅದೇ ಆಟಿಕೆ, ಅದೇ ವ್ಯಕ್ತಿ. ಅದರಲ್ಲೇ ಮಗುವಿಗೆ ಒಂದು ಧೈರ್ಯ ಉಂಟು, ಮುಂದಿನ ವಾರವೂ ಇದೆಲ್ಲ ಇಲ್ಲೇ ಇರುತ್ತದೆ ಅಂತ.

ಅಲ್ಲಿರುವ ಆಟಿಕೆಗಳನ್ನೂ ಯೋಚಿಸಿಯೇ ಇಟ್ಟಿರುತ್ತಾರೆ. ಮನೆ, ಅಡುಗೆ ಪಾತ್ರೆ, ಮಗುವಿನ ಗೊಂಬೆ, ಡಾಕ್ಟರ್ ಸೆಟ್ಟು. ಸಿಟ್ಟು ತೋರಿಸಲು ಸೈನಿಕರು, ರಬ್ಬರ್ ಚಾಕು, ಹೊಡೆದರೆ ಬಿದ್ದು ಏಳುವ ಗೊಂಬೆ. ಮರಳು, ಜೇಡಿಮಣ್ಣು, ಬಣ್ಣ. ಬ್ಯಾಟರಿ ಹಾಕಿದರೆ ತಾನೇ ಕುಣಿಯುವ ದುಬಾರಿ ಆಟಿಕೆ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ, ಅದರಲ್ಲಿ ಮಗುವಿಗೆ ಹೇಳ್ಲಿಕ್ಕೆ ಜಾಗವೇ ಇಲ್ಲ. ದುಬೈಯಿಂದ ಬರುವ ಸೂಟ್‌ಕೇಸಿನಲ್ಲಿ ಇರುವುದು ಹೆಚ್ಚಾಗಿ ಅದೇ!

ಇದು ನಿನ್ನೆ ಮೊನ್ನೆ ಹುಟ್ಟಿದ ಫ್ಯಾಶನ್ ಅಂತ ನಾವು ತಿಳಿದಿದ್ದೆವು. ಹಾಗಲ್ಲ. ಮಾರ್ಗರೆಟ್ ಲೋವನ್‌ಫೆಲ್ಡ್ ಎಂಬ ಮಕ್ಕಳ ವೈದ್ಯೆ ಒಂದನೇ ಮಹಾಯುದ್ಧದ ನಂತರ ಪೋಲೆಂಡಿನಲ್ಲಿ ಪರಿಹಾರ ಕೆಲಸ ಮಾಡಿ ಬಂದವರು. 1928ರಲ್ಲಿ ಅವರು ಲಂಡನ್ನಿನಲ್ಲಿ ಕಷ್ಟದ ಮಕ್ಕಳಿಗಾಗಿ ಒಂದು ಕ್ಲಿನಿಕ್ ತೆರೆದರು. ಚಿಕ್ಕ ಚಿಕ್ಕ ಆಟಿಕೆ, ಕಡ್ಡಿ, ಬಣ್ಣದ ಕಾಗದ ಹಾಕಿ ಒಂದು ಪೆಟ್ಟಿಗೆ ಇಟ್ಟರು, ಪಕ್ಕದಲ್ಲಿ ಮರಳಿನ ತಟ್ಟೆ. ಮಕ್ಕಳೇ ಆ ಆಟಿಕೆಗಳನ್ನು ಮರಳಿನಲ್ಲಿ ಜೋಡಿಸಿ, ಅದಕ್ಕೆ ತಮ್ಮ ಪ್ರಪಂಚ ಎಂದು ಹೆಸರಿಟ್ಟರು. ಅಮೆರಿಕದಲ್ಲಿ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲಿ ಈ ಚಿಕಿತ್ಸೆಯ ಬಗ್ಗೆಯೇ ಪುಸ್ತಕ ಬರೆದರು. ಮಗುವನ್ನು ಅದು ಇದ್ದ ಹಾಗೆ ಒಪ್ಪಿಕೊಳ್ಳಬೇಕು, ಅವಸರ ಮಾಡಬಾರದು, ದಾರಿ ತೋರಿಸುವುದು ಮಗು, ಹಿಂಬಾಲಿಸುವುದು ದೊಡ್ಡವರು ಎಂಬುದು ಅವರ ಕ್ರಮ. 1964ರ ಅವರ ಇನ್ನೊಂದು ಪುಸ್ತಕ ಡಿಬ್ಸ್ ಎಂಬ ಹುಡುಗನ ಕುರಿತದ್ದು. ಶಾಲೆಯಲ್ಲಿ ಮೇಜಿನ ಕೆಳಗೆ ಅಡಗುತ್ತಿದ್ದ, ಯಾರೊಂದಿಗೂ ಬೆರೆಯುತ್ತಿರಲಿಲ್ಲ. ಬುದ್ಧಿ ಬೆಳೆಯದ ಮಗುವೋ ಏನೋ ಎಂದು ದೊಡ್ಡವರಿಗೆ ಅನುಮಾನ. ಆಟದ ಕೋಣೆಯಲ್ಲಿ ಅವನು ಬೀಗ ಹಾಕಿದ ಬಾಗಿಲುಗಳ ಬಗ್ಗೆಯೇ ಮತ್ತೆ ಮತ್ತೆ ಮಾತೆತ್ತಿದ. ಕೊನೆಗೆ ನೋಡಿದರೆ ಅವನು ಬಹಳ ಚುರುಕು ಬುದ್ಧಿಯ ಹುಡುಗ. ಅದನ್ನು ಓದುವಾಗ ನಮ್ಮ ಕಣ್ಣ ಮುಂದೆ ಬಂದದ್ದು ಹಿಂದಿನ ಬೆಂಚಿನಲ್ಲಿ ನಾವು ಕೂರಿಸಿಟ್ಟ ಕೆಲವು ಮುಖಗಳು.

ತಂದೆ ತಾಯಿಗೇ ಈ ಆಟ ಕಲಿಸುವ ಕ್ರಮವನ್ನು 1960ರ ದಶಕದಲ್ಲಿ ಬರ್ನಾರ್ಡ್ ಮತ್ತು ಲೂಯಿಸ್ ಗರ್ನಿ ದಂಪತಿ ಶುರು ಮಾಡಿದರು. ನಮ್ಮ ಹುಡುಗನ ಉಮ್ಮ ಮಾಡಿದ್ದು ಅದನ್ನೇ. 2005ರಲ್ಲಿ ಸ್ಯೂ ಬ್ರಾಟನ್ ಮತ್ತು ಜೊತೆಯವರು ಹಿಂದಿನ 93 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಈ ಚಿಕಿತ್ಸೆ ಸಿಕ್ಕ ಮಕ್ಕಳು ಸಿಗದ ಮಕ್ಕಳಿಗಿಂತ ಸಾಕಷ್ಟು ಸುಧಾರಿಸಿದ್ದು ಕಂಡುಬಂತು. ತಂದೆ ತಾಯಿ ಕಲಿತು ತಾವೇ ಆಡಿಸಿದಲ್ಲಿ ಫಲ ಇನ್ನೂ ಹೆಚ್ಚು. ಆ ಅಧ್ಯಯನಗಳಲ್ಲಿ ಹಲವು ಸಣ್ಣವು ಎಂಬ ಟೀಕೆಯೂ ಉಂಟು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಬೆತ್ತದಿಂದ ಮಗುವಿನ ಮನಸ್ಸು ಸರಿಯಾಯಿತು ಎಂದು ಹೇಳುವ ಒಂದು ಅಧ್ಯಯನವನ್ನೂ ನಾವು ಕಂಡಿಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆ ಬರಬಾರದು. ಆಟದ ಚಿಕಿತ್ಸೆ ಎಂದರೆ ಮಗು ಏನು ಮಾಡಿದರೂ ಸರಿ ಎಂದು ಬಿಡುವುದಲ್ಲ. ನಮಗೂ ಮೊದಲು ಹಾಗೇ ಅನಿಸಿತ್ತು, ಇದು ಮಕ್ಕಳನ್ನು ತಲೆಗೆ ಹತ್ತಿಸುವ ಕೆಲಸ ಅಂತ. ಆ ಕೋಣೆಯಲ್ಲೂ ಮಿತಿ ಉಂಟು. ತನಗೆ, ಇನ್ನೊಬ್ಬರಿಗೆ ನೋವು ಮಾಡುವಂತಿಲ್ಲ, ಆಟಿಕೆ ಒಡೆದು ಹಾಕುವಂತಿಲ್ಲ, ಸಮಯ ಮುಗಿದರೆ ಹೊರಡಬೇಕು. ಮಿತಿ ಹೇಳುವ ರೀತಿ ಮಾತ್ರ ಬೇರೆ. ಆ ತಾಯಿ ಕಲಿತದ್ದು ಹೀಗೆ: "ನಿನಗೆ ತಂಗಿಯ ಮೇಲೆ ಸಿಟ್ಟು ಬಂದಿದೆ, ಗೊತ್ತಾಯ್ತು. ತಂಗಿಗೆ ಹೊಡಿಲಿಕ್ಕಿಲ್ಲ. ಬೇಕಾದ್ರೆ ಈ ದಿಂಬಿಗೆ ಹೊಡಿ." ಮೊದಲು ಅವನ ಸಿಟ್ಟನ್ನು ಗುರುತಿಸಿದ್ದು, ಆಮೇಲೆ ಬೇಲಿ ಹಾಕಿದ್ದು, ಆಮೇಲೆ ಸಿಟ್ಟು ಹೋಗಲು ಒಂದು ದಾರಿ ಬಿಟ್ಟದ್ದು. ನಾವು ಇಪ್ಪತ್ತು ವರ್ಷದಿಂದ ಮಾಡುತ್ತಿರುವುದು ಮಧ್ಯದ್ದು ಮಾತ್ರ. ಬೇಲಿ, ಬೇಲಿ, ಬೇಲಿ.

ಇನ್ನು, ಎಲ್ಲದಕ್ಕೂ ಇದೇ ಮದ್ದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕರೆದರೆ ತಿರುಗಿ ನೋಡದ ಮಗುವಿಗೆ ಕಿವಿ ಕೇಳಿಸುತ್ತದಾ ಎಂದು ಮೊದಲು ನೋಡಿಸಬೇಕು. ಬೋರ್ಡ್ ಕಾಣದೆ ಲೂಟಿ ಮಾಡುವ ಹುಡುಗರನ್ನು ನಾವೇ ಕಂಡಿದ್ದೇವೆ, ಕನ್ನಡಕ ಬಂದ ಮೇಲೆ ಅರ್ಧ ಲೂಟಿ ನಿಂತಿತು. ಆಟಿಸಂ, ಎಡಿಎಚ್‌ಡಿ, ಅಪಸ್ಮಾರ ಇವೆಲ್ಲ ವೈದ್ಯರು ಪರೀಕ್ಷೆ ಮಾಡಿ ಹೇಳಬೇಕಾದವು. ಆಟ ಅಲ್ಲಿ ಸಹಾಯಕ್ಕೆ ಬರಬಹುದು, ಆದರೆ ಆಟಿಸಂ ಆಟದಿಂದ ಗುಣವಾಗುತ್ತದೆ ಎನ್ನುವವರು ನಿಮ್ಮ ದುಡ್ಡಿನ ಮೇಲೆ ಕಣ್ಣಿಟ್ಟವರು. ಒಂದೆರಡು ಭೇಟಿಯಲ್ಲಿ ಎಲ್ಲ ಸರಿಯಾಗುವುದೂ ಇಲ್ಲ, ತಿಂಗಳುಗಟ್ಟಲೆ ಹೋಗಬೇಕಾಗಬಹುದು. ಈಗ ಊರೂರಲ್ಲಿ ಪ್ಲೇ ಥೆರಪಿ ಬೋರ್ಡ್ ಕಾಣ್ತದೆ. ನಾಲ್ಕು ದಿನದ ಕೋರ್ಸ್ ಮಾಡಿ ಬೋರ್ಡ್ ಹಾಕಿದವರೂ ಇರಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐಯ ನೋಂದಣಿ ಇರಬೇಕು. ಅದನ್ನು ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಮಗುವಿನ ಆಟ ನೋಡಿ ತಾವೇ ಅರ್ಥ ಕಟ್ಟುವುದೂ ಅಪಾಯವೇ. ಗೊಂಬೆಗೆ ಹೊಡೆದ ಕೂಡಲೇ "ಮನೆಯಲ್ಲಿ ಯಾರೋ ಹೊಡೀತಾರೆ" ಎಂದು ಊರಿಡೀ ಹೇಳಬಾರದು. ಆದರೆ ಮಗು ಒಬ್ಬ ವ್ಯಕ್ತಿಯ ಹೆಸರು ಕೇಳಿದರೆ ನಡುಗುತ್ತದೆ, ವಯಸ್ಸಿಗೆ ಮೀರಿದ್ದನ್ನು ಗೊಂಬೆಯಲ್ಲಿ ತೋರಿಸುತ್ತದೆ ಎಂದಾದರೆ ಮುಚ್ಚಿ ಹಾಕಲೂಬಾರದು. ಆ ವ್ಯಕ್ತಿ ಸಂಬಂಧಿಕನಾಗಿರಲಿ, ನಮ್ಮಂತಹ ಉಸ್ತಾದನೇ ಆಗಿರಲಿ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದವರು ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098. "ಮರ್ಯಾದೆ ಪ್ರಶ್ನೆ" ಎನ್ನುವವರಿಗೆ ಒಂದೇ ಮಾತು, ಮಗುವಿನ ಮರ್ಯಾದೆಯೂ ಮರ್ಯಾದೆಯೇ.

ಈಗ ನಮ್ಮವರು ಕೇಳುವ ಪ್ರಶ್ನೆಗೆ ಬರೋಣ. "ಉಸ್ತಾದ್, ದೀನ್ ಕಲೀಲಿಕ್ಕೆ ಕಳಿಸಿದ್ದು, ಆಟಕ್ಕಾ?" ಜಮಾಅತಿನ ಹಿರಿಯರೊಬ್ಬರು ನೇರವಾಗಿಯೇ ಕೇಳಿದರು. ಪ್ರವಾದಿ ಮುಹಮ್ಮದ್ (ಸ) ಅವರ ಮನೆಯಲ್ಲಿ ಆಯಿಶಾ (ರ) ಗೊಂಬೆಗಳೊಂದಿಗೆ ಆಡುತ್ತಿದ್ದದ್ದು, ಅವರ ಗೆಳತಿಯರು ನಾಚಿ ಅಡಗಿದರೆ ಪ್ರವಾದಿಯವರೇ ಅವರನ್ನು ಮತ್ತೆ ಆಟಕ್ಕೆ ಕಳುಹಿಸುತ್ತಿದ್ದದ್ದು ಹದೀಸಿನಲ್ಲಿದೆ. ಅನಸ್ (ರ) ಅವರ ಪುಟ್ಟ ತಮ್ಮ ಅಬೂ ಉಮೈರ್‌ನ ವಿಷಯ ನಮ್ಮಲ್ಲಿ ಗೊತ್ತಿಲ್ಲದವರು ಕಡಿಮೆ. ಆಡುತ್ತಿದ್ದ ಚಿಕ್ಕ ಹಕ್ಕಿ ಸತ್ತು ಹೋಗಿ ಮಗು ಸಪ್ಪಗೆ ಕೂತಿತ್ತು. ಅಷ್ಟು ಜವಾಬ್ದಾರಿಯ ನಡುವೆ ಪ್ರವಾದಿಯವರು ಆ ಹುಡುಗನಲ್ಲಿ ವಿಚಾರಿಸಿದ್ದು ಹಕ್ಕಿಯ ಬಗ್ಗೆ. ನಾವು ಇದನ್ನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇವೆ, ಹೇಳಿ ಮುಗಿಸಿ ಬೆತ್ತ ಎತ್ತಿಕೊಂಡಿದ್ದೇವೆ. ಇಮಾಮ್ ಗಝಾಲಿಯವರು ಇಹ್ಯಾದಲ್ಲಿ, ಓದು ಬಿಟ್ಟ ಮೇಲೆ ಮಗುವಿಗೆ ಆಟ ಬೇಕೇ ಬೇಕು, ಆಟ ತಡೆದು ಬರೀ ಕಲಿಕೆಯ ಭಾರ ಹೇರಿದರೆ ಹೃದಯ ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ, ಮಗು ತಪ್ಪಿಸಿಕೊಳ್ಳುವ ಉಪಾಯ ಹುಡುಕುತ್ತದೆ ಎಂಬರ್ಥದಲ್ಲಿ ಬರೆದಿದ್ದಾರೆ. ಒಂಬೈನೂರು ವರ್ಷದ ಹಿಂದಿನ ಮಾತು. ಹಿರಿಯರು ಸುಮ್ಮನಾದರು, ಒಪ್ಪಿದರೋ ಇಲ್ಲವೋ ಗೊತ್ತಿಲ್ಲ.

ಕಾನೂನಿನ ಮಾತೂ ಒಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. 2012ರ ತಿದ್ದುಪಡಿಯಲ್ಲಿ ಮದ್ರಸ, ವೇದ ಪಾಠಶಾಲೆಗಳನ್ನು ಆ ಕಾಯ್ದೆಯಿಂದ ಹೊರಗಿಟ್ಟರು. ಅದು ನಮ್ಮ ಸ್ವಾತಂತ್ರ್ಯಕ್ಕೆ ಕೊಟ್ಟ ಗೌರವ ಎಂದು ನಾವು ತಿಳಿಯುತ್ತೇವೆ, ಬೆತ್ತಕ್ಕೆ ಕೊಟ್ಟ ಲೈಸೆನ್ಸ್ ಅಂತ ಅಲ್ಲ.

ಭಾಷೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಮಕ್ಕಳು ಮನೆಯಲ್ಲಿ ಬ್ಯಾರಿ, ರಸ್ತೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್, ಮದ್ರಸದಲ್ಲಿ ಅರಬಿ ಅಕ್ಷರ ಎಂದು ದಿನಕ್ಕೆ ನಾಲ್ಕು ಮನೆ ಬದಲಿಸುವವರು. ಆಸ್ಪತ್ರೆಯ ಮೇಡಂ ಕನ್ನಡದಲ್ಲಿ ಕೇಳಿದರೆ ಮಗು "ಹಾಂ, ಇಲ್ಲ" ಎಂಬುದಕ್ಕಿಂತ ಹೆಚ್ಚು ಹೇಳುವುದಿಲ್ಲ. ದುಃಖ ಬರುವುದು ಬ್ಯಾರಿ ಭಾಷೆಯಲ್ಲಿ. ಈ ಕಾರಣಕ್ಕೇ ಆಟದ ಚಿಕಿತ್ಸೆ ನಮ್ಮ ಮಕ್ಕಳಿಗೆ ಹೆಚ್ಚು ಹೊಂದುತ್ತದೆ ಎಂದು ನಮಗನಿಸುತ್ತದೆ, ಗೊಂಬೆಗೆ ವಿಮಾನ ಹತ್ತಿಸಲು ಯಾವ ಭಾಷೆಯೂ ಬೇಡ. ಹಾಗಿದ್ದರೂ ಬ್ಯಾರಿ ಮಾತಾಡುವ ಮನಶ್ಶಾಸ್ತ್ರಜ್ಞರು ನಮಗೆ ಬೇಕು. ನಮ್ಮ ಹೆಣ್ಣುಮಕ್ಕಳು ಈಗ ಡಿಗ್ರಿ, ಪಿಜಿ ಓದುತ್ತಿದ್ದಾರೆ. ಸೈಕಾಲಜಿ ತೆಗೆದುಕೊಳ್ಳುತ್ತೇನೆ ಎಂದವಳಿಗೆ "ಹುಚ್ಚರ ಡಾಕ್ಟರಾ?" ಎಂದು ನಗುವುದನ್ನು ಮನೆಯವರು ಮೊದಲು ನಿಲ್ಲಿಸಲಿ. ಬ್ಯಾರಿ ಸಾಹಿತ್ಯ ಅಕಾಡೆಮಿ 2009ರಿಂದ ಭಾಷೆಗೆ ಒಳ್ಳೆಯ ಕೆಲಸ ಮಾಡಿದೆ. ಸಿಟ್ಟು, ಹೆದರಿಕೆ, ನಾಚಿಕೆ, ಒಂಟಿತನ, ಹೊಟ್ಟೆಕಿಚ್ಚು, ಇವಕ್ಕೆ ನಮ್ಮ ಮನೆಗಳಲ್ಲಿ ಬಳಸುವ ಮಾತುಗಳನ್ನು ಚಿತ್ರದೊಂದಿಗೆ ಒಂದು ಚಿಕ್ಕ ಪುಸ್ತಕ ಮಾಡಿಕೊಟ್ಟರೆ ಅದು ಎಷ್ಟೋ ಉಮ್ಮಂದಿರಿಗೆ ಉಪಕಾರ.

ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಇನ್ನೂ ಕುರುಡರು. ಹುಡುಗನ ಮನಸ್ಸು ಕೆಟ್ಟರೆ ಕಿಟಕಿ ಗಾಜು ಒಡೆಯುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಹುಡುಗಿ ಸುಮ್ಮನಾಗುತ್ತಾಳೆ, ನಾವು "ಒಳ್ಳೆಯ ಅದಬ್" ಎಂದು ಬಹುಮಾನ ಕೊಡುತ್ತೇವೆ. ಒಂಬತ್ತು ಹತ್ತು ವರ್ಷಕ್ಕೆ ಅವಳ ಆಟ ಮುಗಿದಿರುತ್ತದೆ, ತಮ್ಮನನ್ನು ಎತ್ತಿಕೊಳ್ಳುವುದು, ಪಾತ್ರೆ ತೊಳೆಯುವುದು ಶುರು. ನಮ್ಮ ಚಿಕ್ಕಂದಿನಲ್ಲಿ ಅಕ್ಕಂದಿರು ಗೆರಟೆಯಲ್ಲಿ ಮಣ್ಣಿನ ಅನ್ನ ಬೇಯಿಸಿ ಬಡಿಸುತ್ತಿದ್ದರು, ಮಳೆಗಾಲದಲ್ಲಿ ಚೆನ್ನೆಮಣೆ ಹಾಕುತ್ತಿದ್ದರು. ನಮ್ಮನ್ನು ಅಡಿಕೆ ಹಾಳೆಯಲ್ಲಿ ಕೂರಿಸಿ ತೋಟವಿಡೀ ಎಳೆಯುತ್ತಿದ್ದರು. ಆ ಆಟಗಳನ್ನು ಚಿಕಿತ್ಸೆ ಎಂದು ಯಾರೂ ಕರೆಯಲಿಲ್ಲ, ಅವು ಚಿಕಿತ್ಸೆಯೂ ಅಲ್ಲ, ಆದರೆ ಎಷ್ಟೋ ಸಂಕಟ ಆ ಮಣ್ಣಿನಲ್ಲೇ ಕರಗಿ ಹೋಗುತ್ತಿತ್ತು. ಈಗ ಅಂಗಳಕ್ಕೆ ಇಂಟರ್‌ಲಾಕ್ ಹಾಕಿ, ಮಗುವಿನ ಕೈಗೆ ಮೊಬೈಲ್ ಕೊಟ್ಟು, ಇದೂ ಆಟವೇ ಅಲ್ವಾ ಅನ್ನುತ್ತೇವೆ. ಮೊಬೈಲಿನಲ್ಲಿ ಕಥೆ ಬರೆದವರು ಯಾರೋ. ಮಗು ತನ್ನ ಕಥೆ ಹೇಳಲು ಅಲ್ಲಿ ದಾರಿ ಇಲ್ಲ.

ಎಲ್ಲಿಗೆ ಹೋಗುವುದು ಎಂದು ಕೇಳುವವರಿಗೆ ಕೆಲವು ವಿವರ. ಟೆಲಿ ಮಾನಸ್ ಎಂಬ ಸರಕಾರದ ಉಚಿತ ಸಹಾಯವಾಣಿ 14416, ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಮಗುವಿನ ವಿಷಯ ಹೇಳಿದರೆ ಮುಂದೆ ಎಲ್ಲಿ ತೋರಿಸಬೇಕೆಂದು ತಿಳಿಸುತ್ತಾರೆ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗ, ದೊಡ್ಡ ಸಮಸ್ಯೆಯಾದರೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ. ಅಂಗನವಾಡಿಗೆ, ಸರಕಾರಿ ಶಾಲೆಗೆ ಆರ್‌ಬಿಎಸ್‌ಕೆ ವೈದ್ಯರ ತಂಡ ಬಂದಾಗ ಮಗುವಿನ ಬೆಳವಣಿಗೆಯ ಬಗ್ಗೆ ನಿಮಗಿರುವ ಅನುಮಾನವನ್ನು ಹೇಳಿ. ಖಾಸಗಿ ಇಂಗ್ಲಿಷ್ ಮೀಡಿಯಂಗೆ ಕಳುಹಿಸುವವರು ತಾವೇ ಹೋಗಿ ಕೇಳಬೇಕಾಗುತ್ತದೆ.

"ನಾಳೆ ಮದುವೆ ಪ್ರಸ್ತಾಪ ಬರುವಾಗ ಯಾರಾದರೂ ಎತ್ತಿ ಆಡಿದರೆ?" ಎಂಬ ಹೆದರಿಕೆಯೂ ನಮಗೆ ಗೊತ್ತು. ಏಳು ವರ್ಷದ ಮಗುವಿನ ಮದುವೆಗೆ ಹೆದರಿ ಇವತ್ತಿನ ಅದರ ನಿದ್ದೆ ಕೆಡಿಸುವುದು ಯಾವ ಲೆಕ್ಕ? ಆಟದ ಕೋಣೆಯಲ್ಲಿ ನಡೆದದ್ದನ್ನು ಒಳ್ಳೆಯ ಚಿಕಿತ್ಸಕರು ಹೊರಗೆ ಹೇಳುವುದಿಲ್ಲ. ನಮ್ಮ ಹುಡುಗ ಆಸ್ಪತ್ರೆಯಲ್ಲಿ ಏನು ಆಡಿದ ಎಂದು ನಾವು ಕೇಳಿದಾಗ ಆ ಮೇಡಂ ಹೇಳಲಿಲ್ಲ. "ತರಗತಿಯಲ್ಲಿ ಅವನನ್ನು ಎಲ್ಲರೆದುರು ಎಬ್ಬಿಸಬೇಡಿ, ನಿದ್ದೆ ಬಂದರೆ ಹತ್ತು ನಿಮಿಷ ಬಿಡಿ" ಎಂದಷ್ಟೇ ಹೇಳಿದರು. ಆಗ ಬೇಸರವಾಗಿತ್ತು, ಈಗ ಸರಿ ಅನಿಸುತ್ತದೆ.

ಆ ಹುಡುಗನ ಉಪ್ಪ ಒಂದು ದಿನ ವೀಡಿಯೊ ಕಾಲ್‌ನಲ್ಲಿ, ಹೇಳದೆ ಹೋದದ್ದು ತಪ್ಪಾಯಿತು ಮೋನು, ನೀನು ನಿದ್ದೆ ಮಾಡಿದ್ದರಿಂದ ಹೋದದ್ದಲ್ಲ, ಟಿಕೆಟ್ ಅದೇ ದಿನಕ್ಕೆ ಇತ್ತು ಎಂದರಂತೆ. ಮುಂದಿನ ರಜೆಗೆ ಬಂದಾಗ ಹೊರಡುವ ದಿನವನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿದರು. ರಾತ್ರಿ ಎಬ್ಬಿಸಿದರು. ಅತ್ತ, ತುಂಬ ಅತ್ತ, ವಿಮಾನ ನಿಲ್ದಾಣದವರೆಗೂ ಹೋದ. ಹಾಸಿಗೆ ಒದ್ದೆಯಾಗುವುದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಲೂಟಿ ಈಗಲೂ ಉಂಟು, ಕಳೆದ ತಿಂಗಳು ನಮ್ಮ ಚಪ್ಪಲಿ ತೆಂಗಿನ ಬುಡದಲ್ಲಿ ಅಡಗಿಸಿಟ್ಟದ್ದು ಅವನೇ. ನಾವು ಅವನನ್ನು ಹತ್ತಿರ ಕರೆದು ಆ ಎರಡು ಪೆಟ್ಟಿನ ಬಗ್ಗೆ ಕ್ಷಮೆ ಕೇಳಿದೆವು. ಅವನಿಗೆ ಏನು ಹೇಳಬೇಕೆಂದು ತಿಳಿಯದೆ ಓಡಿ ಹೋದ.

ನಮ್ಮ ಮದ್ರಸ ಕಮಿಟಿಯ ಮುಂದೆ ಈಗ ಒಂದು ಬೇಡಿಕೆ ಇಟ್ಟಿದ್ದೇವೆ. ಒಂದರಿಂದ ನಾಲ್ಕನೇ ತರಗತಿಯವರಿಗೆ ಬೆಳಗ್ಗೆ ಕೊನೆಯ ಹತ್ತು ನಿಮಿಷ ಆಟಕ್ಕೆ ಬಿಡಬೇಕು, ಶಿಕ್ಷೆಯ ಹೆಸರಿನಲ್ಲಿ ಅದನ್ನು ಕಿತ್ತುಕೊಳ್ಳಬಾರದು. ಹಿಂದಿನ ಕೋಣೆಯ ಮೂಲೆಯಲ್ಲಿ ಒಂದು ಚಾಪೆ, ಒಂದು ಪೆಟ್ಟಿಗೆ: ಜೇಡಿಮಣ್ಣು, ಬಣ್ಣದ ಪೆನ್ಸಿಲ್, ಗೆರಟೆ, ಬಟ್ಟೆಯ ಗೊಂಬೆ, ಪ್ರಾಣಿಗಳು, ಒಂದು ವಿಮಾನ, ಒಂದು ಬಸ್ಸು. ಮನಸ್ಸು ಕೆಟ್ಟ ಮಗು ಹೊರಗೆ ನಿಲ್ಲುವ ಬದಲು ಅಲ್ಲಿ ಕೂರಲಿ. ಅದನ್ನು ಚಿಕಿತ್ಸೆ ಎಂದು ನಾವು ಹೇಳಿಕೊಳ್ಳುವುದಿಲ್ಲ, ಉಸ್ತಾದರು ಚಿಕಿತ್ಸಕರಾಗಲು ಹೋಗಬಾರದು. ಯಾವ ಮಗುವನ್ನು ಚಿಕಿತ್ಸಕರ ಹತ್ತಿರ ಕಳುಹಿಸಬೇಕು ಎಂದು ನಮಗೆ ತಿಳಿದರೆ ಸಾಕು, ಅದಕ್ಕಾಗಿ ವರ್ಷಕ್ಕೊಂದು ದಿನ ಮಕ್ಕಳ ಮನಶ್ಶಾಸ್ತ್ರಜ್ಞರನ್ನು ಕರೆಸಿ ಉಸ್ತಾದರಿಗೆ ತರಬೇತಿ ಕೊಡಿಸಿ ಎಂದೂ ಕೇಳಿದ್ದೇವೆ. ಬಸ್ ಚಾರ್ಜಿಗೆ ಕಷ್ಟವಿರುವ ಉಮ್ಮಂದಿರಿಗೆ ಕಮಿಟಿಯಿಂದ ಸ್ವಲ್ಪ ಸಹಾಯ ಬೇಕು. ಹೊಸ ಕಟ್ಟಡದ ಟೈಲ್ಸಿಗೆ ಹೋಗುವ ದುಡ್ಡಿನ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಇಬ್ಬರು ಸದಸ್ಯರು ಒಪ್ಪಿದ್ದಾರೆ, ಒಬ್ಬರು ಪೆಟ್ಟಿಗೆಗೆ ಮರ ಕೊಡುತ್ತೇನೆ ಎಂದಿದ್ದಾರೆ. ಅಧ್ಯಕ್ಷರು ಮುಂದಿನ ಸಭೆಗೆ ಇಡೋಣ ಎಂದಿದ್ದಾರೆ.